ಆಂಪೂಲ್ ಒಡೆಯುವ ಮೊದಲು ತಕ್ಕಡಿ ತನ್ನಿ: ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಉಳಿಸುವ ಬಗೆ

ಬೆನ್ನಿನ ಆಪರೇಷನ್ ಮುಗಿದ ಮೇಲೆ ರಕ್ತ ಎಷ್ಟು ಹೋಯಿತು ಎಂದು ಯಾವ ಸರ್ಜನ್‌ರನ್ನು ಕೇಳಿದರೂ ಉತ್ತರ ಒಂದೇ: 'ಸುಮಾರು 300 ಮಿ.ಲೀ.' ಒಂದು ಡಿಸ್ಕ್ ತೆಗೆದರೂ 300, ಎಂಟು ಸ್ಕ್ರೂ ಕೂರಿಸಿದರೂ 300. ಕೋಲಾರದಲ್ಲಿ ಅರಿವಳಿಕೆ ವೈದ್ಯೆಯಾಗಿ 19 ವರ್ಷ ಕಳೆದಿದ್ದೇನೆ. ಮೊದಲ ಕೆಲವು ವರ್ಷ ಆ ಸಂಖ್ಯೆಯ ಜೊತೆ ಜಗಳವಾಡಿದೆ. ಆಮೇಲೆ ಜಗಳ ಬಿಟ್ಟು, ತರಕಾರಿ ಅಂಗಡಿಯವರು ಇಟ್ಟುಕೊಳ್ಳುವಂಥ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಕೊಂಡು ತಂದು ಥಿಯೇಟರಿನ ಮೂಲೆಯಲ್ಲಿಟ್ಟೆ. ಔಷಧಿ ಕೊಟ್ಟು ರಕ್ತ ಉಳಿಸುವ ವಿಚಾರವನ್ನು ನಾನು ತಕ್ಕಡಿಯಿಂದಲೇ ಆರಂಭಿಸುತ್ತೇನೆ. ಎಷ್ಟು ಹೋಯಿತೆಂದು ತಿಳಿಯದವರಿಗೆ ಎಷ್ಟು ಉಳಿಯಿತೆಂದು ತಿಳಿಯುವುದಿಲ್ಲ.

ನಮ್ಮ ಕಡೆಯ ಸಣ್ಣ ಥಿಯೇಟರುಗಳಿಗೆ ಹೊಸದಾಗಿ ಬರುವ ಅರಿವಳಿಕೆ ವೈದ್ಯರಿಗೂ ಸ್ಟಾಫ್ ನರ್ಸ್‌ಗಳಿಗೂ ಇದನ್ನು ಬರೆಯುತ್ತಿದ್ದೇನೆ. ರೋಗಿಯ ಮನೆಯವರು ಓದಿದರೆ ಇನ್ನೂ ಒಳ್ಳೆಯದು, ಅರ್ಧ ಕೆಲಸ ಅವರ ಕೈಯಲ್ಲಿದೆ. ಆದರೆ ಓದಿದವರು ಔಷಧಿ ಅಂಗಡಿಗೆ ಹೋಗಿ ಮಾತ್ರೆ ಕೇಳಬಾರದು, ಅಷ್ಟೆ.

ಔಷಧಿಯ ಹೆಸರು ಟ್ರಾನೆಕ್ಸಾಮಿಕ್ ಆ್ಯಸಿಡ್. ಥಿಯೇಟರಿನಲ್ಲಿ ಎಲ್ಲರ ಬಾಯಲ್ಲೂ ಅದು 'ಟ್ರಾನೆಕ್ಸಾ'. ಮುಟ್ಟಿನ ಸ್ರಾವ ವಿಪರೀತವಾದಾಗ ಹೆಂಗಸರಿಗೆ ಕೊಡುವ ಮಾತ್ರೆಯಲ್ಲಿ ಇರುವುದೂ ಇದೇ. ಜಪಾನಿನ ಉತಾಕೋ ಒಕಾಮೊತೊ ಮತ್ತು ಅವರ ಪತಿ ಶೋಸುಕೆ ಒಕಾಮೊತೊ ಹೆರಿಗೆಯ ರಕ್ತಸ್ರಾವಕ್ಕೆ ಮದ್ದು ಹುಡುಕುತ್ತಾ 1962ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ 20,000ಕ್ಕೂ ಹೆಚ್ಚು ಗಾಯಾಳುಗಳಲ್ಲಿ ಪರೀಕ್ಷಿಸಿ, ಬೇಗ ಕೊಟ್ಟರೆ ಇದು ಸಾವನ್ನು ತಪ್ಪಿಸುತ್ತದೆ ಎಂದು ತೋರಿಸಿದ ಮೇಲೆಯೇ ಇದು ಎಲ್ಲ ಥಿಯೇಟರುಗಳ ಕಪಾಟಿಗೆ ಬಂದದ್ದು.

ಇದು ರಕ್ತವನ್ನು ಹೆಪ್ಪುಗಟ್ಟಿಸುವ ಔಷಧಿ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಗದ್ದೆ ಮಾಡಿದವರಿಗೆ ಹೇಳುವುದು ಸುಲಭ. ನೀರು ನಿಲ್ಲಲೆಂದು ನೀವು ಬದು ಕಟ್ಟುತ್ತೀರಿ, ರಾತ್ರಿ ಏಡಿ ಬಂದು ಅದೇ ಬದುವನ್ನು ತೋಡುತ್ತದೆ. ದೇಹ ಗಾಯದ ಬಾಯಿಗೆ ಫೈಬ್ರಿನ್ ಎಳೆಗಳಿಂದ ಬದು ಕಟ್ಟುತ್ತದೆ, ಪ್ಲಾಸ್ಮಿನ್ ಎಂಬ ಏಡಿ ಅದನ್ನು ತೋಡುತ್ತದೆ. ಟ್ರಾನೆಕ್ಸಾ ಒಂದು ಬುಟ್ಟಿ ಮಣ್ಣನ್ನೂ ಹಾಕುವುದಿಲ್ಲ, ಏಡಿಯ ಕೊಂಡಿ ಬದುವನ್ನು ಹಿಡಿಯದಂತೆ ಮಾಡುತ್ತದೆ, ಅಷ್ಟೇ. ಆದ್ದರಿಂದ ಏಡಿ ಬರುವ ಮೊದಲೇ, ಎಂದರೆ ಚರ್ಮ ಕೊಯ್ಯುವ ಮೊದಲೇ, ಇದು ರಕ್ತದಲ್ಲಿರಬೇಕು. ಕೊಯ್ದ ರಕ್ತನಾಳವೊಂದು ಚಿಮ್ಮುತ್ತಿದ್ದರೆ ಅದಕ್ಕೆ ಸರ್ಜನ್‌ರ ಕೈ ಬೇಕು, ಟ್ರಾನೆಕ್ಸಾ ಏನೂ ಮಾಡಲಾರದು.

ಒಬ್ಬ ರೋಗಿಯನ್ನು ಹಿಡಿದು ಹೇಳುತ್ತೇನೆ. ಶ್ರೀನಿವಾಸಪುರ ತಾಲ್ಲೂಕಿನ ರೈತರು, 56 ವರ್ಷ, 62 ಕಿಲೋ ತೂಕ. ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದವರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಅದನ್ನು ದಾಟಿದ ನೀರು ಕುಡಿದು ಬೆನ್ನು ಮರದ ಹಲಗೆಯಂತಾದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಮೂಳೆಗಳ ನಡುವಿನ ಹಳದಿ ಪಟ್ಟಿ ಮೃದುವಾಗಿರಬೇಕಾದದ್ದು ಕಲ್ಲಾಗಿ ನರದ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಅದನ್ನು ಬಿಡಿಸಲು ಡ್ರಿಲ್ ಹಿಡಿಯಬೇಕು, ಹೊತ್ತು ಹಿಡಿಯುತ್ತದೆ, ಮೂಳೆಯ ಮೈಯೆಲ್ಲ ಒಸರುತ್ತದೆ. ಒಸರುವ ಇಂಥ ರಕ್ತದಲ್ಲೇ ಟ್ರಾನೆಕ್ಸಾ ತನ್ನ ಬೆಲೆ ತೋರಿಸುವುದು. ಒಂದೇ ಡಿಸ್ಕ್ ತೆಗೆಯುವ ಸಣ್ಣ ಆಪರೇಷನ್‌ಗೆ ನಾನು ಇದನ್ನು ಕೊಡುವುದಿಲ್ಲ. ಹೋಗುವುದೇ ಒಂದು ಲೋಟ ರಕ್ತವಾದರೆ ಉಳಿಸುವುದು ಏನಿದೆ?

ಈ ಯಜಮಾನರು ಮೊದಲು ಬಂದಾಗ ಹಿಮೋಗ್ಲೋಬಿನ್ 9.4. ಅವರ ಹೆಂಡತಿ ಸೆರಗಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಬಿಚ್ಚಿದರು. ಅದರ ತುಂಬ ಡೈಕ್ಲೋಫೆನಾಕ್ ಪಟ್ಟಿಗಳು. 'ದಿನಕ್ಕೆ ಎರಡು ನುಂಗಿದರೇ ಎದ್ದು ಓಡಾಡುವುದು, ಡಾಕ್ಟರಮ್ಮ' ಎಂದರು. ಎಷ್ಟು ವರ್ಷದಿಂದ ಎಂದು ಕೇಳಿದರೆ, ಟೊಮೊಟೊಗೆ ಬೆಲೆ ಬಿದ್ದ ವರ್ಷದಿಂದ ಎಂದರು. ಟೊಮೊಟೊಗೆ ಬೆಲೆ ಬೀಳದ ವರ್ಷ ನಮ್ಮಲ್ಲಿ ಯಾವುದಿದೆ ಎಂದು ನಾನು ಕೇಳಲಿಲ್ಲ. ಮಲ ಪರೀಕ್ಷೆಯಲ್ಲಿ ರಕ್ತ ಸಿಕ್ಕಿತು. ಬೆನ್ನುನೋವಿಗೆ ನುಂಗಿದ ಮಾತ್ರೆ ಹೊಟ್ಟೆಯ ಒಳಪದರವನ್ನು ಕೆರೆದು, ದಿನಕ್ಕಿಷ್ಟು ರಕ್ತವನ್ನು ಸದ್ದಿಲ್ಲದೆ ಹೊರಗೆ ಹಾಕುತ್ತಿತ್ತು. ಜೊತೆಗೆ ಅದು ರಕ್ತ ನಿಲ್ಲಿಸಲು ನೆರವಾಗುವ ಪ್ಲೇಟ್‌ಲೆಟ್‌ಗಳ ಅಂಟನ್ನೂ ಕಡಿಮೆ ಮಾಡುತ್ತದೆ. ಇಂಥವರನ್ನು ಹಾಗೆಯೇ ಮೇಜಿನ ಮೇಲೆ ಮಲಗಿಸಿ ಟ್ರಾನೆಕ್ಸಾ ಕೊಟ್ಟರೆ, ತೂತು ಬಿಂದಿಗೆಗೆ ಮುಚ್ಚಳ ಹಾಕಿದಂತೆ.

ಕಾಲಿನ ಶಕ್ತಿ ಕುಗ್ಗುತ್ತಿಲ್ಲ, ನಾಲ್ಕು ವಾರ ಕಾಯಬಹುದು ಎಂದು ಸರ್ಜನ್ ಹೇಳಿದರು. ಆ ನಾಲ್ಕು ವಾರದಲ್ಲಿ ಮಾಡಿದ್ದು ಇಷ್ಟು: ಡೈಕ್ಲೋಫೆನಾಕ್ ನಿಲ್ಲಿಸಿ ಪ್ಯಾರಾಸಿಟಮಾಲ್ ಮತ್ತು ಹೊಟ್ಟೆ ಹುಣ್ಣಿನ ಮಾತ್ರೆ. ಬರಿಗಾಲಲ್ಲಿ ಹೊಲ ತುಳಿಯುವವರಾದ್ದರಿಂದ ಕೊಕ್ಕೆಹುಳುವಿಗೆ ಅಲ್ಬೆಂಡಜೋಲ್. ಕಬ್ಬಿಣದ ಮಾತ್ರೆಗೆ ಅವರ ಹೊಟ್ಟೆ ಒಗ್ಗಲಿಲ್ಲ, ಆದ್ದರಿಂದ ಡ್ರಿಪ್ ಮೂಲಕ ಒಂದು ಗ್ರಾಂ ಕಬ್ಬಿಣ. ಮಾತ್ರೆ ಒಗ್ಗುವವರಿಗೆ ಒಂದು ಮಾತು: ಅದನ್ನು ನುಂಗಿದ ಮೇಲೆ ಒಂದೆರಡು ಗಂಟೆ ಕಾಫಿ, ಟೀ ಬೇಡ. ಕಬ್ಬಿಣವೆಲ್ಲ ಟೀ ಪಾಲಾಗುತ್ತದೆ. ಈ ಸಲಹೆಗೆ ನಮ್ಮಲ್ಲಿ ಎದುರಾಗುವಷ್ಟು ವಿರೋಧ ಸೂಜಿಗೂ ಎದುರಾಗುವುದಿಲ್ಲ.

ನಾಲ್ಕು ವಾರದ ಕೊನೆಗೆ ಹಿಮೋಗ್ಲೋಬಿನ್ 11.8. ಇದರ ಲೆಕ್ಕವನ್ನು ನನ್ನ ಕಿರಿಯರಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಗಂಡಸಿನ ಮೈಯಲ್ಲಿ ಕಿಲೋಗೆ ಸುಮಾರು 70 ಮಿ.ಲೀ. ರಕ್ತ. 62 ಕಿಲೋಗೆ 4,340 ಮಿ.ಲೀ. ಹಿಮೋಗ್ಲೋಬಿನ್ 8ಕ್ಕೆ ಇಳಿಯುವವರೆಗೆ ರಕ್ತ ಕೊಡದೆ ತಾಳಬಹುದು ಎಂದುಕೊಳ್ಳಿ. ಇರುವುದರಿಂದ 8 ಕಳೆದು, ಇರುವುದರಿಂದಲೇ ಭಾಗಿಸಿ, 4,340ರಿಂದ ಗುಣಿಸಿ. 9.4 ಇದ್ದಾಗ ಅವರು ಸುಮಾರು 650 ಮಿ.ಲೀ. ಕಳೆದುಕೊಳ್ಳಬಹುದಿತ್ತು. 11.8 ಆದಾಗ ಸುಮಾರು 1,400. ಎರಡು ಪಟ್ಟಿಗಿಂತ ಹೆಚ್ಚು! ಯಾವ ಟ್ರಾನೆಕ್ಸಾವೂ ಇಷ್ಟು ಅವಕಾಶ ಕೊಡುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯದಲ್ಲಿ ಮನೆಯವರಿಗೆ ಒಂದು ಎಚ್ಚರಿಕೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಇವುಗಳನ್ನು ನಿಲ್ಲಿಸಲು ದಿನಗಳ ಲೆಕ್ಕವಿದೆ. ಕ್ಲೊಪಿಡೊಗ್ರೆಲ್ ಮತ್ತು ವಾರ್ಫರಿನ್ ಸಾಮಾನ್ಯವಾಗಿ ಸುಮಾರು ಐದು ದಿನ ಮೊದಲು ನಿಲ್ಲುತ್ತವೆ. ಆದರೆ ನಿಲ್ಲಿಸಬೇಕೇ ಬೇಡವೇ ಎಂದು ಹೇಳಬೇಕಾದವರು ಹೃದಯದ ವೈದ್ಯರು, ಪಕ್ಕದ ಮನೆಯವರಲ್ಲ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ಮಾತ್ರೆ ಬಿಟ್ಟರೆ ಬೆನ್ನು ಉಳಿಸಲು ಹೋಗಿ ಎದೆ ಕಳೆದುಕೊಂಡಾರು. ನುಂಗುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿಯ ಪುಡಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಚೀಲ ಸುರಿಯುವುದು ಮೇಲು.

ಈಗ ಟ್ರಾನೆಕ್ಸಾ ಯಾರಿಗೆ ಬೇಡ ಎನ್ನುವುದು. ಕಾಲಿನಲ್ಲೋ ಶ್ವಾಸಕೋಶದಲ್ಲೋ ಈಗ ಹೆಪ್ಪು ಇರುವವರಿಗೆ ಬೇಡವೇ ಬೇಡ. ಫಿಟ್ಸ್ ಬಂದ ಇತಿಹಾಸವಿದ್ದರೂ ನಾನು ಕೊಡುವುದಿಲ್ಲ, ಈ ಔಷಧಿ ಪ್ರಮಾಣ ಹೆಚ್ಚಾದರೆ ಮಿದುಳನ್ನು ಕೆರಳಿಸುತ್ತದೆ. ಹಿಂದೆ ಪಾರ್ಶ್ವವಾಯು, ಹೃದಯಾಘಾತ ಆದವರ ವಿಷಯವನ್ನು ಹೃದಯ ವೈದ್ಯರ ಜೊತೆ ಕೂತು ತೂಗಬೇಕು. ಗರ್ಭನಿರೋಧಕ ಮಾತ್ರೆಯೂ ಹೆಪ್ಪಿನ ಅಪಾಯ ಹೆಚ್ಚಿಸುತ್ತದೆ, ಅದನ್ನು ತೆಗೆದುಕೊಳ್ಳುತ್ತಿದ್ದೀರಾ ಎಂದು ಹೆಂಗಸರನ್ನು ಕೇಳುವುದಕ್ಕೆ ಸಂಕೋಚ ಬೇಡ. ಅತ್ತೆಯ ಎದುರಿಗೆ ಕೇಳಬೇಡಿ, ನಿಜವಾದ ಉತ್ತರ ಸಿಗುವುದಿಲ್ಲ. ಇನ್ನು ಕ್ರಿಯಾಟಿನಿನ್, ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ. ಟ್ರಾನೆಕ್ಸಾ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಗೆ ಹೋಗುವುದರಿಂದ, ಮೂತ್ರಪಿಂಡ ಸೋತಿದ್ದರೆ ಔಷಧಿ ಮೈಯಲ್ಲೇ ಉಳಿದು ರಾಶಿಯಾಗುತ್ತದೆ. ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲಿ ಇದನ್ನು ನೋಡದೆ ಪ್ರಮಾಣ ಬರೆಯಬಾರದು. ನಮ್ಮ ಯಜಮಾನರದು 0.9, ಸದ್ಯ.

ಮುಂದಿನದನ್ನು ನಿಧಾನವಾಗಿ ಓದಿ.

ಟ್ರಾನೆಕ್ಸಾ ಆಂಪೂಲ್ 5 ಮಿ.ಲೀ. ಗಾಜಿನದು, ಅದರಲ್ಲಿ 500 ಮಿ.ಗ್ರಾಂ. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಬುಪಿವಕೇನ್ ಹೆವಿ ಆಂಪೂಲ್ 4 ಮಿ.ಲೀ. ಎರಡೂ ಬಣ್ಣವಿಲ್ಲದ ನೀರು. ಕೆಲವು ಕಂಪನಿಗಳ ಆಂಪೂಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ರಕ್ತನಾಳಕ್ಕೆ ಹೋಗಬೇಕಾದ ಟ್ರಾನೆಕ್ಸಾ ತಪ್ಪಿ ಬೆನ್ನುಹುರಿಯ ನೀರಿಗೆ ಹೋದರೆ ಮೊದಲು ಬೆನ್ನು, ಪೃಷ್ಠದಲ್ಲಿ ಉರಿ, ನಂತರ ಕಾಲುಗಳ ಸೆಳೆತ, ನಂತರ ಮೈಯೆಲ್ಲ ಫಿಟ್ಸ್. ವರದಿಯಾದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು.

ನಾನು ಆ ಅಂಚಿಗೆ ಹೋಗಿ ಬಂದವಳು. ತುಂಬ ವರ್ಷದ ಹಿಂದೆ, ಬೇರೊಂದು ಊರಿನ ಆಸ್ಪತ್ರೆ. ಸಂಜೆ ದೊಡ್ಡ ಬೆನ್ನಿನ ಆಪರೇಷನ್ ಮುಗಿದಿತ್ತು. ಉಳಿದ ಒಂದು ಟ್ರಾನೆಕ್ಸಾ ಆಂಪೂಲ್ ಟ್ರಾಲಿಯ ಮೇಲೆಯೇ ಉಳಿದಿತ್ತು. ರಾತ್ರಿ ಒಂದೂವರೆಗೆ ಅದೇ ಥಿಯೇಟರಿಗೆ ಸಿಸೇರಿಯನ್ ಬಂತು. ಕೈಗವಸು ಹಾಕಿ ನಿಂತಿದ್ದೆ. ಸಹಾಯಕ ಹುಡುಗ ಆಂಪೂಲ್ ಒಡೆದು ನನ್ನತ್ತ ಬಾಗಿಸಿದ, ನಾನು ಅದರೊಳಗೆ ಸೂಜಿ ಇಳಿಸಿದೆ. ಎದುರಿಗಿದ್ದ ಹಿರಿಯ ನರ್ಸ್ 'ಮೇಡಂ, ಅದನ್ನು ಒಮ್ಮೆ ಓದಿ' ಎಂದರು. ಕೂಗಲೂ ಇಲ್ಲ. ಓದಿದೆ. ಆ ರಾತ್ರಿ ಆ ತಾಯಿಗೆ ಏನೂ ಆಗಲಿಲ್ಲ. ನನ್ನ ಕೈ ಬೆಳಗಿನವರೆಗೆ ನಡುಗುತ್ತಿತ್ತು.

ಅಂದರೆ ಬೆನ್ನಿನ ರೋಗಿಗೆ ತಂದ ಔಷಧಿ ಕೊಲ್ಲುವುದು ಅದೇ ರೋಗಿಯನ್ನೇ ಆಗಬೇಕಿಲ್ಲ, ಅದೇ ಮೇಜಿಗೆ ಮುಂದೆ ಬರುವವರನ್ನೂ ಆಗಬಹುದು. ಅಂದಿನಿಂದ ನನ್ನ ಥಿಯೇಟರಿನಲ್ಲಿ ಟ್ರಾನೆಕ್ಸಾ ಅರಿವಳಿಕೆ ಟ್ರಾಲಿಯಲ್ಲಿ ಇರುವುದಿಲ್ಲ. ಗೋಡೆಯ ಕಪಾಟಿನಲ್ಲಿ, ಕೆಂಪು ಮುಚ್ಚಳದ ಡಬ್ಬಿಯಲ್ಲಿ. ಬೇಕಾದಾಗ ಎದ್ದು ಹೋಗಿ ತರಬೇಕು. ಒಡೆಯುವವರು ಹೆಸರನ್ನು ಗಟ್ಟಿಯಾಗಿ ಓದಬೇಕು, ಎಳೆದುಕೊಳ್ಳುವವರು ಮತ್ತೆ ಓದಬೇಕು. ಎಳೆದ ತಕ್ಷಣ ಸಿರಿಂಜಿಗೆ ಚೀಟಿ. ಉಳಿದದ್ದು ರೋಗಿ ಹೊರಗೆ ಹೋಗುವ ಮೊದಲು ಕಪಾಟಿಗೆ ಅಥವಾ ಕಸಕ್ಕೆ. ಆಂಪೂಲ್ ಸಾಮಾನ್ಯದ್ದು, ಬೆಲೆಯೂ ಕಡಿಮೆ, ಎಸೆಯಲು ಹೊಟ್ಟೆ ಉರಿಯಬೇಕಾಗಿಲ್ಲ.

ಪ್ರಮಾಣದ ವಿಷಯದಲ್ಲಿ ಊರಿಗೊಂದು ಪದ್ಧತಿ. ಮೊದಲ ಡೋಸ್ ಕಿಲೋಗೆ 10 ಮಿ.ಗ್ರಾಂನಿಂದ 30ರವರೆಗೆ ಕೊಡುವವರಿದ್ದಾರೆ. ಎಲ್ಲರಿಗೂ ಒಂದೇ ಗ್ರಾಂ ಎನ್ನುವವರೂ ಇದ್ದಾರೆ. 2022ರ ಪೋಯ್ಸ್-3 ಅಧ್ಯಯನದಲ್ಲಿ, ಹೃದಯದ್ದಲ್ಲದ ಬೇರೆ ಬೇರೆ ಶಸ್ತ್ರಚಿಕಿತ್ಸೆಗಳ 9,535 ರೋಗಿಗಳಲ್ಲಿ ಅರ್ಧ ಜನಕ್ಕೆ ಆರಂಭಕ್ಕೊಂದು ಗ್ರಾಂ, ಕೊನೆಗೊಂದು ಗ್ರಾಂ ಕೊಟ್ಟರು. ಗಂಭೀರ ರಕ್ತಸ್ರಾವ ಶೇ. 11.7ರಿಂದ 9.1ಕ್ಕೆ ಇಳಿಯಿತು. ನಾನು ಕಿಲೋಗೆ 15ರಿಂದ ಆರಂಭಿಸಿ, ನಂತರ ಗಂಟೆಗೆ ಕಿಲೋಗೆ 1 ಮಿ.ಗ್ರಾಂನಂತೆ ಪಂಪಿನಲ್ಲಿ ಓಡಿಸುತ್ತೇನೆ. ಹೆಚ್ಚು ಕೊಟ್ಟರೆ ಹೆಚ್ಚು ಉಳಿಯುತ್ತದೆ ಎಂದು ವಾದಿಸುವ ಗೆಳೆಯರಿದ್ದಾರೆ. ಬಾಗಿದ ಬೆನ್ನನ್ನು ನೇರ ಮಾಡುವ, ಏಳೆಂಟು ಗಂಟೆಯ ಆಪರೇಷನ್‌ಗಳಿಗೆ ಅವರ ವಾದ ಸರಿಯಿರಬಹುದು. ನಾವು ಮಾಡುವ ಕೆಲಸಕ್ಕೆ ಇದು ಸಾಕು.

62 ಕಿಲೋಗೆ 15 ಎಂದರೆ 930 ಮಿ.ಗ್ರಾಂ, ಅದು 9.3 ಮಿ.ಲೀ. ಎರಡು ಆಂಪೂಲ್ ಒಡೆದು ಅಷ್ಟನ್ನು ಮಾತ್ರ 100 ಮಿ.ಲೀ. ಸಲೈನ್‌ಗೆ ಸೇರಿಸಿ, 15 ನಿಮಿಷದಲ್ಲಿ ಹರಿಸಿ. ನೇರವಾಗಿ ಸಿರಿಂಜಿನಿಂದ ತಳ್ಳಿ ಮುಗಿಸುವ ಆತುರ ಬೇಡ, ನಿಮಿಷಕ್ಕೆ 100 ಮಿ.ಗ್ರಾಂ ದಾಟಿದರೆ ರಕ್ತದೊತ್ತಡ ಕುಸಿಯುತ್ತದೆ. ಪಂಪಿಗೆ ಹೊಸ ಆಂಪೂಲ್: 5 ಮಿ.ಲೀ.ಗೆ 45 ಮಿ.ಲೀ. ಸಲೈನ್ ಸೇರಿಸಿದರೆ ಪ್ರತಿ ಮಿ.ಲೀ.ನಲ್ಲಿ 10 ಮಿ.ಗ್ರಾಂ, ಗಂಟೆಗೆ 6.2 ಮಿ.ಲೀ. ಓಡಬೇಕು. ರಕ್ತ ಹೋಗುತ್ತಿರುವ ನಳಿಕೆಗೆ ಇದನ್ನು ಬೆರೆಸಬೇಡಿ. ನಾನು ಅರಿವಳಿಕೆ ಕೊಟ್ಟು, ರೋಗಿಯನ್ನು ತಿರುಗಿಸುವ ಹೊತ್ತಿಗೆ ಡ್ರಿಪ್ ಆರಂಭಿಸುತ್ತೇನೆ. ಬಟ್ಟೆ ಹೊದಿಸಿ, ಚರ್ಮ ತೊಳೆದು, ಸರ್ಜನ್ ಚಾಕು ಕೇಳುವಷ್ಟರಲ್ಲಿ ಅದು ಮುಗಿದಿರುತ್ತದೆ.

ತಿರುಗಿಸುವುದು ಎಂದೆ. ಇಲ್ಲಿ ತಪ್ಪಿದರೆ ಔಷಧಿ ನೀರಿಗೆ ಹಾಕಿದಂತೆ. ಬೆನ್ನುಮೂಳೆಯ ಸುತ್ತ ಬಲೆಯಂತಿರುವ ರಕ್ತನಾಳಗಳಿಗೆ ಕವಾಟವಿಲ್ಲ. ಬೋರಲು ಮಲಗಿಸಿದಾಗ ಹೊಟ್ಟೆ ಅಮುಕಿದರೆ ಹೊಟ್ಟೆಯ ರಕ್ತವೆಲ್ಲ ಆ ಬಲೆಗೆ ನುಗ್ಗಿ ಉಬ್ಬುತ್ತದೆ. ಎದೆ ಮತ್ತು ಸೊಂಟದ ಮೂಳೆಗಳ ಮೇಲೆ ಭಾರ ಬೀಳಬೇಕು, ಹೊಟ್ಟೆ ಜೋಳಿಗೆಯಂತೆ ಜೋತಾಡಬೇಕು. ನಾನು ಬಗ್ಗಿ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡುತ್ತೇನೆ. ಅಂಗೈ ಸಲೀಸಾಗಿ ಆಡಿದರೆ ಸರಿ. ಯಜಮಾನರ ಬೆನ್ನು ಹಲಗೆಯಂತಿದ್ದುದರಿಂದ ನಮ್ಮ ದಿಂಬುಗಳು ಒಪ್ಪಲಿಲ್ಲ, ಮೂರು ಸಲ ತೆಗೆದು ಇಟ್ಟೆವು. ಸರ್ಜನ್ ಗಡಿಯಾರ ನೋಡಿದರು. ನೋಡಲಿ. ಮೂರನೆಯ ಸಲ ವೆಂಟಿಲೇಟರಿನ ಒತ್ತಡ ತಾನಾಗಿ ಇಳಿಯಿತು. ಜೊತೆಗೆ ಮೈ ತಣ್ಣಗಾಗಲು ಬಿಡಬಾರದು, 36 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುವ ಕೆಲಸವೇ ಮಂದವಾಗುತ್ತದೆ. ಥಿಯೇಟರಿನ ಎ.ಸಿ.ಯನ್ನು ಊಟಿ ಮಾಡುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಬಿಡಿಸಲು ನನಗೆ ಇನ್ನೂ ಆಗಿಲ್ಲ.

ರಕ್ತದೊತ್ತಡವನ್ನು ತೀರಾ ಇಳಿಸಿ ರಕ್ತ ಉಳಿಸುವ ಹಳೆಯ ಉಪಾಯವೂ ಇದೆ. ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ನರಕ್ಕೆ ರಕ್ತವೇ ಹೋಗದಂತಾದರೆ ಏನು ಉಳಿಸಿದಂತಾಯಿತು? ನಾನು ಆ ದಾರಿಗೆ ಹೋಗುವುದಿಲ್ಲ. ಇನ್ನೊಂದು, ಗಾಯಕ್ಕೆ ನೇರವಾಗಿ ಟ್ರಾನೆಕ್ಸಾ ಸುರಿಯುವುದು. ಹಾಗೆ ಮಾಡುವ ಸರ್ಜನ್‌ಗಳಿದ್ದಾರೆ. ಬೆನ್ನುಹುರಿಯ ಹೊದಿಕೆ ಎಲ್ಲಾದರೂ ಹರಿದಿದ್ದರೆ ಅದು ಸೂಜಿಯಲ್ಲಿ ಚುಚ್ಚಿದಷ್ಟೇ ಅಪಾಯ. ಫ್ಲೋರೈಡ್ ಬೆನ್ನಿನಲ್ಲಿ ಕಲ್ಲಾದ ಪಟ್ಟಿ ಹೊದಿಕೆಗೆ ಅಂಟಿರುತ್ತದೆ, ಹರಿಯುವುದು ಸಾಮಾನ್ಯ. ನಾನು ಇಂಥವರಲ್ಲಿ ಬೇಡವೆನ್ನುತ್ತೇನೆ.

ಇನ್ನು ತಕ್ಕಡಿ. ಮಾಪ್ ಎಂದರೆ ಗಾಯದ ರಕ್ತ ಒರೆಸುವ ಬಟ್ಟೆ. ಒಣ ಮಾಪ್ ಒಂದರ ತೂಕವನ್ನು ಮೊದಲೇ ಬರೆದಿಡಿ, ನಮ್ಮದು 22 ಗ್ರಾಂ. ನೆನೆದ ಮಾಪ್‌ಗಳನ್ನು ಒಣಗುವ ಮೊದಲೇ ತೂಗಿ, ಒಣ ತೂಕ ಕಳೆಯಿರಿ. ಒಂದು ಗ್ರಾಂ ಒಂದು ಮಿ.ಲೀ. ಎಂದು ಹಿಡಿಯಬಹುದು. ಸಕ್ಷನ್ ಬಾಟಲಿಯಲ್ಲಿ ಇರುವುದರಿಂದ ಗಾಯ ತೊಳೆಯಲು ಸುರಿದ ಸಲೈನ್ ಕಳೆಯಿರಿ. ಇದಕ್ಕೆ ಸಲೈನ್ ಎಷ್ಟು ಸುರಿದರೆಂದು ಒಬ್ಬರು ಲೆಕ್ಕ ಇಡಬೇಕು. ಆ ಕೆಲಸಕ್ಕೆ ಹೆಸರು ಹಿಡಿದು ಒಬ್ಬರನ್ನು ನಿಲ್ಲಿಸದಿದ್ದರೆ ಯಾರೂ ಇಡುವುದಿಲ್ಲ. ಯಜಮಾನರ ಆರು ಮಾಪ್ 412 ಗ್ರಾಂ ತೂಗಿದವು, ಒಣ ತೂಕ 132 ಹೋಗಿ 280. ಬಾಟಲಿಯಲ್ಲಿ 1,150, ತೊಳೆದದ್ದು 900, ಉಳಿದದ್ದು 250. ಒಟ್ಟು 530. ತಾಳಿಕೊಳ್ಳಬಹುದಾದ 1,400ಕ್ಕೆ ಇನ್ನೂ ದೂರವಿತ್ತು. ಅವರ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡಿ (ಕ್ರಾಸ್ ಮ್ಯಾಚ್) ಇರಿಸಿದ್ದ ಎರಡು ಯೂನಿಟ್ ರಕ್ತ ತೆಗೆಯಲೇ ಇಲ್ಲ. ನಾನು ಚೀಟಿಯಲ್ಲಿ 530 ಎಂದು ಬರೆದೆ. ಸರ್ಜನ್ ತಮ್ಮ ಟಿಪ್ಪಣಿಯಲ್ಲಿ 'ಸುಮಾರು 300' ಎಂದು ಬರೆದಿದ್ದರು.

ಗಾಯ ಮುಚ್ಚಿದ ಮೇಲೆ ಪಂಪ್ ನಿಲ್ಲಿಸುತ್ತೇನೆ. ಔಷಧಿಯ ಪ್ರಭಾವ ಇನ್ನೂ ಕೆಲವು ಗಂಟೆ ಉಳಿದಿರುತ್ತದೆ. ಏಡಿಯ ಕೊಂಡಿ ಕಟ್ಟಿದ್ದೇವೆ ಎಂದರೆ ಬೇಡದ ಕಡೆಯ ಹೆಪ್ಪೂ ಕರಗುವುದಿಲ್ಲ ಎಂಬ ಅನುಮಾನ ಮನಸ್ಸಿನಲ್ಲಿರಬೇಕು. ಆದ್ದರಿಂದ ಮೀನಖಂಡಕ್ಕೆ ಒತ್ತುವ ಪಟ್ಟಿ, ಮಾರನೆಯ ದಿನವೇ ಎಬ್ಬಿಸಿ ಕೂರಿಸುವುದು. ಒಂದು ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯಬಾರದು.

ಕಾಯಲೇಬಾರದ ಇನ್ನೊಂದಿದೆ. ಟ್ರಾನೆಕ್ಸಾ ಕೊಟ್ಟರೂ ಕೊಡದಿದ್ದರೂ, ಒಳಗೆ ರಕ್ತ ಕೂತು ನರವನ್ನು ಅಮುಕಬಹುದು. ಗಾಯದ ರಕ್ತ ಹೊರಹರಿಸಲು ಇಟ್ಟ ನಳಿಕೆ, ಡ್ರೇನ್, ಖಾಲಿ ಇದೆ ಎಂದು ಸಮಾಧಾನಪಡಬೇಡಿ, ಅದು ಕಟ್ಟಿಕೊಂಡಿರಬಹುದು. ಬೆನ್ನಿನಲ್ಲಿ ತಡೆಯಲಾರದ ನೋವು, ಮೂತ್ರ ಕಟ್ಟುವುದು, ಆಡುತ್ತಿದ್ದ ಪಾದ ಆಡದಿರುವುದು, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಸರ್ಜನ್‌ಗೆ ಫೋನ್. ಮೊದಲ ರಾತ್ರಿ ಗಂಟೆಗೊಮ್ಮೆ ರೋಗಿಯನ್ನು ಎಬ್ಬಿಸಿ ಹೆಬ್ಬೆರಳು ಎತ್ತಿಸಿ ನೋಡಬೇಕು. ನಿದ್ದೆ ಕೆಡಿಸಲು ನರ್ಸ್‌ಗಳಿಗೆ ಮನಸ್ಸು ಬರುವುದಿಲ್ಲ, ಆದರೂ ಎಬ್ಬಿಸಿ. ಆ ರಾತ್ರಿ ಎರಡು ಗಂಟೆಗೆ ನಾನೇ ಹೋಗಿ ಎಬ್ಬಿಸಿದೆ. 'ರಾತ್ರಿಯೆಲ್ಲ ಬೆರಳು ಎತ್ತಿಸುವುದಕ್ಕೇ ಇಷ್ಟು ದುಡ್ಡು ಕಟ್ಟಿಸಿಕೊಂಡಿರಾ, ಡಾಕ್ಟರಮ್ಮ?' ಎಂದು ಯಜಮಾನರು ಗೊಣಗಿದರು. ಗೊಣಗುತ್ತಲೇ ಎರಡನ್ನೂ ಎತ್ತಿದರು. ಅದನ್ನೂ ಬರೆದಿಡಬೇಕು: ಗಂಟೆ, ಎಡ, ಬಲ.